ಗಿಳಿಮೂಗಿನ ಮರಿಗೆ ಮೇವಿನ ರೂಢಿ

ನಮ್ಮ ಮಾಡಗ್ಯಾಳದ ಕುರಿಗೆ ಮೂಗು ಗಿಳಿಯದು, ಮೇವಿನಲ್ಲಿ ಹಟವೂ ಗಿಳಿಯದೇ. ಬುಟ್ಟಿಯೊಳಗಿನ ಗೋವಿನಜೋಳವನ್ನು ಆರಿಸಿ ತಿಂದು, ಕಣಿಕೆಯನ್ನು ಸರಿಸಿಬಿಡುತ್ತದೆ. ಒಳ್ಳೆಯ ಬೆಲೆ ಬರಲೆಂದು ಕಾಳನ್ನೇ ಸುರಿಯುವವರುಂಟು. ಇದು ಅಪಾಯಕರ. ಕಾಳು ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿ ಹುಟ್ಟಿ, ಮೆಲುಕು ನಿಂತು ಮರಿ ಸಾಯಬಹುದು.

ಕುರಿಯ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮ ಜೀವಿಗಳಿರುತ್ತವೆ. ಹೊಸ ಮೇವಿಗೆ ಅವು ಒಗ್ಗಲು ಕೆಲವು ದಿನ ಬೇಕು. ಆದುದರಿಂದ ನಾವು ಹೀಗೆ ಮಾಡೋಣ:

1. ಕಣಿಕೆಯನ್ನು ಸಣ್ಣಗೆ ಕತ್ತರಿಸಿ, ನೆನೆಸಿದ ಶೇಂಗಾ ಹಿಂಡಿಯಲ್ಲಿ ಕಲಸಬೇಕು. ಆಗ ಆರಿಸಿ ತಿನ್ನಲು ಬಾರದು.

2. ಕಾಳನ್ನು ದಿನಕ್ಕಿಷ್ಟರಂತೆ ಇಳಿಸುತ್ತ, ಸುಮಾರು 10 ದಿನಗಳಲ್ಲಿ ಹೊಸ ಮೇವಿಗೆ ತರಬೇಕು.

3. ಕಣಿಕೆ ತಿನ್ನುವ ಹಿರಿಯ ಕುರಿಯ ಮಗ್ಗುಲಲ್ಲಿ ಮರಿಯನ್ನು ಕಟ್ಟಬೇಕು. ಶಾಲೆಯ ಮಕ್ಕಳಂತೆ ಅದೂ ನೋಡಿ ಕಲಿಯುತ್ತದೆ.

4. ಉಪವಾಸ ಕೆಡವಿ ಹಟ ಮುರಿಯಬಾರದು.

5. ಮಳೆಯಿಲ್ಲದೆ ಬಾಡಿದ ಎಳೆಯ ಜೋಳದ ಬೆಳೆಯನ್ನು ಹಸಿಯಾಗಿ ಹಾಕಲೇಬಾರದು; ಅದರಲ್ಲಿ ವಿಷವಿರುತ್ತದೆ.

ಎಡಹೊಟ್ಟೆ ಉಬ್ಬಿ ಮರಿ ಹಲ್ಲು ಕಡಿಯುತ್ತಿದ್ದರೆ, ಕಾಳು ನಿಲ್ಲಿಸಿ ಕೂಡಲೆ ಪಶುವೈದ್ಯರನ್ನು ಕರೆಯಿರಿ. ಜತ್ತ ತಾಲೂಕಿನ ಬರದ ನೆಲಕ್ಕೆ ಕಣಿಕೆಯೇ ಆಧಾರ. ಅದನ್ನು ತಿನ್ನಲು ಕಲಿತ ಮರಿಯೇ ಬೇಸಿಗೆ ದಾಟೀತು.