ಆಕ್ಯುಪೇಷನಲ್ ಥೆರಪಿ ಓದಲು ಹೊರಟವರಿಗೆ

ಅಮೆರಿಕದ ಪುನರ್ವಸತಿ ಆಸ್ಪತ್ರೆಯೊಂದರಲ್ಲಿ ನಾನು ಆಕ್ಯುಪೇಷನಲ್ ಥೆರಪಿಸ್ಟ್. ಸ್ಟ್ರೋಕ್ ಆದವರು, ಸೊಂಟ ಮುರಿದುಕೊಂಡವರು, ತಲೆಗೆ ಪೆಟ್ಟು ಬಿದ್ದವರು ಮತ್ತೆ ಸ್ನಾನ ಮಾಡಲು, ಬಟ್ಟೆ ಹಾಕಿಕೊಳ್ಳಲು, ಅಡುಗೆಮನೆಗೆ ಮರಳಲು ಕಲಿಯುವಾಗ ಅವರ ಜೊತೆಗಿರುವುದು ನನ್ನ ಕೆಲಸ. ಸ್ನಾತಕೋತ್ತರ ವಿದ್ಯಾರ್ಥಿಗಳು ನಮ್ಮಲ್ಲಿಗೆ ತರಬೇತಿಗೆ ಬರುತ್ತಾರೆ. ಇಲ್ಲಿನ ಕನ್ನಡ ಮನೆಗಳ ಮಕ್ಕಳೂ ಊರಿನಿಂದ ಬರಬೇಕೆಂದಿರುವವರೂ ಸೀಟಿನ ವಿಚಾರ ಕೇಳಿಕೊಂಡು ಫೋನ್ ಮಾಡುತ್ತಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ: ಒಬ್ಬ ಮನುಷ್ಯ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡುತ್ತಾನೆ, ಹೇಗೆ ಮಾಡುತ್ತಾನೆ ಎಂದು ನೋಡುವ ಕಣ್ಣು ಬೆಳೆಸಿಕೊಳ್ಳಿ. ಅರ್ಜಿಯಿಂದ ಹಿಡಿದು ಪರೀಕ್ಷೆಯವರೆಗೆ ನಿಮ್ಮನ್ನು ದಾಟಿಸುವುದು ಅದೇ.

1. ಅರ್ಜಿಗೆ ಮೊದಲು ಹೋಗಿ ನೋಡಿ

ಥೆರಪಿಸ್ಟ್ ಒಬ್ಬರ ಪಕ್ಕದಲ್ಲಿ ನಿಂತು ಕೆಲಸ ನೋಡಿದ ಗಂಟೆಗಳ ಲೆಕ್ಕವನ್ನು ಬಹಳಷ್ಟು ಕಾಲೇಜುಗಳು ಕೇಳುತ್ತವೆ. ಎಷ್ಟು ಗಂಟೆ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ, ಕೆಲವು ಕಡೆ ಕೇಳುವುದೇ ಇಲ್ಲ. ಕೇಳದಿದ್ದರೂ ಹೋಗಿ. ಒಂದೇ ಜಾಗದಲ್ಲಿ ಎಲ್ಲ ಗಂಟೆ ಮುಗಿಸಬೇಡಿ. ಆಸ್ಪತ್ರೆ, ಮಕ್ಕಳ ಶಾಲೆ, ಕೈ ಚಿಕಿತ್ಸೆಯ ಕ್ಲಿನಿಕ್, ಮಾನಸಿಕ ಆರೋಗ್ಯ ಕೇಂದ್ರ, ಹೀಗೆ ಕನಿಷ್ಠ ಎರಡು ಕಡೆಯಾದರೂ ನೋಡಿ.

ನೋಡುವುದೆಂದರೆ ಏನು? ಎಡಗೈ ಸ್ವಾಧೀನ ತಪ್ಪಿದ ಒಬ್ಬರು ಹಾಸಿಗೆಯ ಅಂಚಿನಲ್ಲಿ ಕೂತು ಅಂಗಿ ಹಾಕಿಕೊಳ್ಳುತ್ತಿದ್ದಾರೆ ಅನ್ನಿ. ಥೆರಪಿಸ್ಟ್ ಅಂಗಿಯನ್ನು ಅವರ ತೊಡೆಯ ಮೇಲೆ ಒಳಮೈ ಮೇಲಾಗುವಂತೆ ಹರಡುತ್ತಾರೆ. ಸ್ವಾಧೀನ ತಪ್ಪಿದ ಕೈ ಮೊದಲು ತೋಳಿನೊಳಗೆ ಹೋಗಬೇಕು, ಮೊಣಕೈ ದಾಟಿ ಭುಜದವರೆಗೆ ಬಟ್ಟೆ ಏರಬೇಕು, ಆಮೇಲೆ ಒಳ್ಳೆಯ ಕೈ. ಬಿಚ್ಚುವಾಗ ಇದರ ತಿರುವುಮುರುವು. ಈ ಕ್ರಮ ತಪ್ಪಿದರೆ ಬಟ್ಟೆ ಬೆನ್ನ ಹಿಂದೆ ಸಿಕ್ಕಿಕೊಂಡು ರೋಗಿ ಕೈಚೆಲ್ಲುತ್ತಾರೆ. ಇದನ್ನೆಲ್ಲ ನೋಡಿ ಮನೆಗೆ ಬಂದವರು ನೋಟ್‌ಬುಕ್ಕಿನಲ್ಲಿ ‘ಡ್ರೆಸ್ಸಿಂಗ್ ನೋಡಿದೆ, ಎರಡು ಗಂಟೆ’ ಎಂದಷ್ಟೇ ಬರೆದರೆ ಆ ಎರಡು ಗಂಟೆ ದಂಡ. ಥೆರಪಿಸ್ಟ್ ಎಲ್ಲಿ ಕೈ ಕೊಟ್ಟರು, ಎಲ್ಲಿ ಬೇಕೆಂತಲೇ ಸುಮ್ಮನೆ ಕಾದರು ಎಂದು ಬರೆದಿಡಿ.

2. ಯಾವ ಡಿಗ್ರಿಯಾದರೂ ಆದೀತು, ಆದರೆ ವಿಷಯಗಳು ಬೇಕು

1917ರ ಮಾರ್ಚಿನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಸೇರಿ ಈ ವೃತ್ತಿಯ ಮೊದಲ ರಾಷ್ಟ್ರೀಯ ಸಂಘ ಕಟ್ಟಿದವರ ಪೈಕಿ ಜಾರ್ಜ್ ಬಾರ್ಟನ್ ಆರ್ಕಿಟೆಕ್ಟ್, ವಿಲಿಯಂ ರಶ್ ಡಂಟನ್ ಮನೋವೈದ್ಯ. ಇಂದಿಗೂ ತರಗತಿಗಳಲ್ಲಿ ಸೈಕಾಲಜಿ, ಬಯಾಲಜಿ, ಸಂಗೀತ, ಕಾಮರ್ಸ್ ಓದಿದವರು ಅಕ್ಕಪಕ್ಕ ಕೂತಿರುತ್ತಾರೆ. ಎಲ್ಲರೂ ಮುಗಿಸಿರಬೇಕಾದದ್ದು ಸಾಮಾನ್ಯವಾಗಿ ಲ್ಯಾಬ್ ಸಮೇತ ಅನಾಟಮಿ-ಫಿಸಿಯಾಲಜಿ, ಅಂಕಿಅಂಶ ಶಾಸ್ತ್ರ, ಬೆಳವಣಿಗೆಯ ಮನಶ್ಶಾಸ್ತ್ರ, ಅಬ್‌ನಾರ್ಮಲ್ ಸೈಕಾಲಜಿ, ಜೊತೆಗೆ ಸಮಾಜಶಾಸ್ತ್ರ ಅಥವಾ ಮಾನವಶಾಸ್ತ್ರದ ಒಂದು ವಿಷಯ. ಇಷ್ಟು ವರ್ಷಕ್ಕಿಂತ ಹಳೆಯ ಅಂಕ ನಡೆಯುವುದಿಲ್ಲ ಎಂಬ ನಿಯಮ ಹಲವೆಡೆ ಇದೆ, ಅದನ್ನು ಮೊದಲೇ ನೋಡಿಕೊಳ್ಳಿ.

ಭಾರತದಲ್ಲಿ ಇದೇ ವಿಷಯದಲ್ಲಿ ಬ್ಯಾಚುಲರ್ ಡಿಗ್ರಿ ಇದೆ. ಅಮೆರಿಕದಲ್ಲಿ ಹುಟ್ಟಿ ಮದುವೆಯಾಗಿ ಭಾರತಕ್ಕೆ ಬಂದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಶಾಲೆ ತೆರೆದು ಈ ವಿದ್ಯೆಗೆ ನಮ್ಮಲ್ಲಿ ನೆಲೆ ಮಾಡಿಕೊಟ್ಟರು. ಮಣಿಪಾಲದಲ್ಲೋ ವೆಲ್ಲೂರಿನಲ್ಲೋ ಬಿಒಟಿ ಮುಗಿಸಿದವರ ದಾರಿ ಬೇರೆ. ಅಮೆರಿಕ 2007ರಿಂದ ಹೊಸಬರಿಗೆ ಸ್ನಾತಕೋತ್ತರ ಮಟ್ಟವನ್ನೇ ಕಡ್ಡಾಯ ಮಾಡಿರುವುದರಿಂದ, ಹೊರದೇಶದ ಪದವಿಯನ್ನು ಪರೀಕ್ಷಾ ಮಂಡಳಿಯಾದ ಎನ್‌ಬಿಸಿಒಟಿ ಮೊದಲು ತೂಗಿ ನೋಡುತ್ತದೆ. ಬಿಒಟಿ ಆದವರು ಮೊದಲು ಅಲ್ಲಿ ವಿಚಾರಿಸಿ, ಆಮೇಲೆ ಕಾಲೇಜು ಹುಡುಕಿ.

3. ಮಾಸ್ಟರ್ಸೋ ಡಾಕ್ಟರೇಟೋ

ಎರಡೂ ಮುಗಿಸಿದವರು ಬರೆಯುವ ಪರೀಕ್ಷೆ ಒಂದೇ, ಸಿಗುವ ಲೈಸೆನ್ಸ್ ಒಂದೇ. ಡಾಕ್ಟರೇಟ್‌ನಲ್ಲಿ ಕ್ಯಾಪ್‌ಸ್ಟೋನ್ ಎಂಬ 14 ವಾರಗಳ ಯೋಜನೆ ಹೆಚ್ಚು, ಸಾಮಾನ್ಯವಾಗಿ ಕಾಲವೂ ಫೀಸೂ ಹೆಚ್ಚು. ಪಾಠ ಮಾಡಬೇಕು, ಹೊಸ ಕಾರ್ಯಕ್ರಮ ಕಟ್ಟಬೇಕು ಎಂಬ ಆಸೆ ಇದ್ದವರಿಗೆ ಅದು ಸರಿ. ರೋಗಿಗಳ ಜೊತೆ ಕೆಲಸ ಮಾಡಬೇಕೆಂದು ಬರುವವರಿಗೆ ನಾನು ಮಾಸ್ಟರ್ಸ್ ಅನ್ನೇ ಹೇಳುತ್ತೇನೆ.

4. ಕಾಲೇಜಿನ ಹೆಸರಿಗಿಂತ ಮೊದಲು ಖರ್ಚು ಲೆಕ್ಕ ಹಾಕಿ

ನೋಡಲೇಬೇಕಾದ ಮುದ್ರೆ ಒಂದು: ಎಸಿಒಟಿಇ ಮಾನ್ಯತೆ. ಅದಿಲ್ಲದ ಇಲ್ಲಿನ ಕೋರ್ಸ್ ಮುಗಿಸಿದರೆ ಪರೀಕ್ಷೆಗೆ ಕೂರಲಾಗದು. ಪ್ರತಿ ಕಾಲೇಜಿನಲ್ಲಿ ಎಷ್ಟು ಮಂದಿ ಪಾಸಾದರೆಂಬ ಅಂಕಿಯೂ ಬಹಿರಂಗವಾಗಿಯೇ ಸಿಗುತ್ತದೆ. ಇವೆರಡೂ ಸರಿಯಾಗಿದ್ದರೆ ಅಗ್ಗದ ಸರ್ಕಾರಿ ವಿಶ್ವವಿದ್ಯಾಲಯ ದುಬಾರಿ ಖಾಸಗಿಯದಕ್ಕಿಂತ ಮೇಲು. ಹೆತ್ತವರು ಹೆಸರು ನೋಡುತ್ತಾರೆ. ಕೆಲಸ ಕೊಡುವ ನಮ್ಮಂಥವರು ಫೀಲ್ಡ್‌ವರ್ಕ್ ಹೇಗಾಯಿತು ಎಂದು ಕೇಳುತ್ತೇವೆ.

ಫೀಸಿನ ಪಟ್ಟಿಯಲ್ಲಿ ಕಾಣದ ಖರ್ಚು ಬೇರೆ ಇದೆ. ಕೊನೆಯ ಘಟ್ಟದಲ್ಲಿ ಕನಿಷ್ಠ 24 ವಾರ ಪೂರ್ಣಕಾಲಿಕ ಫೀಲ್ಡ್‌ವರ್ಕ್, ಬಹುಪಾಲು ಸಂಬಳವಿಲ್ಲದೆ, ಎಷ್ಟೋ ಸಲ ಬೇರೆ ಊರಿನಲ್ಲಿ. ಅಲ್ಲಿ ಬಾಡಿಗೆ, ಕಾರು, ಪೆಟ್ರೋಲು ಎಲ್ಲ ನಿಮ್ಮದೇ. ಇಲ್ಲಿನ ವಿದ್ಯಾರ್ಥಿಗಳು ಸಾಲಕ್ಕೆ ನೆಚ್ಚಿಕೊಂಡಿದ್ದ ಗ್ರ್ಯಾಡ್ ಪ್ಲಸ್ ಯೋಜನೆಯ ಬಾಗಿಲನ್ನು ಹೊಸಬರಿಗೆ 2026ರ ಜುಲೈ 1ರಿಂದ ಮುಚ್ಚಲು ಕಾನೂನಾಗಿದೆ. ಸ್ನಾತಕೋತ್ತರ ಕೋರ್ಸುಗಳಿಗೆ ಫೆಡರಲ್ ಸಾಲದ ಸಾಮಾನ್ಯ ಮಿತಿ ವರ್ಷಕ್ಕೆ 20,500 ಡಾಲರ್. ಊರಿನಿಂದ ಎಫ್-1 ವೀಸಾದಲ್ಲಿ ಬರುವವರಿಗೆ ಆ ಸಾಲವೂ ಇಲ್ಲ. ಮನೆ ಅಡವಿಟ್ಟು ಹೊರಡುವ ಮುನ್ನ ಅಪ್ಪ, ಅಮ್ಮ, ಮಗಳು ಮೂವರೂ ಒಟ್ಟಿಗೆ ಕೂತು ಕಾಗದದ ಮೇಲೆ ಲೆಕ್ಕ ಬರೆಯಿರಿ. ಈ ಮಾತನ್ನು ನಾನು ಮುಲಾಜಿಲ್ಲದೆ ಹೇಳುತ್ತೇನೆ.

5. ಪ್ರಬಂಧದಲ್ಲಿ ಒಬ್ಬ ಮನುಷ್ಯ ಇರಲಿ

‘ಜನರಿಗೆ ನೆರವಾಗುವುದು ನನ್ನ ಕನಸು’ ಎಂದು ಎಲ್ಲರೂ ಬರೆಯುತ್ತಾರೆ. ನಮ್ಮ ಮಕ್ಕಳು ಅಜ್ಜಿಗೆ ಸ್ಟ್ರೋಕ್ ಆದದ್ದನ್ನು ಬರೆಯುತ್ತಾರೆ. ಬರೆಯಲಿ, ಆದರೆ ಅಜ್ಜಿ ಏನು ಮಾಡಲಾರದೆ ಹೋದರು, ಅದಕ್ಕೆ ಯಾವ ಉಪಾಯ ಕಂಡುಕೊಂಡರು ಎಂಬುದು ಅದರಲ್ಲಿರಲಿ. ಆಸ್ಪತ್ರೆಯಲ್ಲಿ ಕಂಡವರ ಬಗ್ಗೆ ಬರೆದರೆ ಹೆಸರಾಗಲಿ ಗುರುತಾಗಲಿ ಬೇಡ.

6. ಬೇಗ ಹಾಕಿ

ಓಟಿಕ್ಯಾಸ್ ಎಂಬ ಒಂದೇ ಜಾಲತಾಣದ ಮೂಲಕ ಬಹಳಷ್ಟು ಕಾಲೇಜುಗಳಿಗೆ ಅರ್ಜಿ ಹೋಗುತ್ತದೆ. ಬೇಸಿಗೆಯಲ್ಲಿ ತೆರೆಯುತ್ತದೆ. ಬಂದ ಅರ್ಜಿಗಳನ್ನು ಬಂದ ಹಾಗೆಯೇ ನೋಡಿ ಸೀಟು ತುಂಬಿಸುವ ಕಾಲೇಜುಗಳಿವೆ. ಭಾರತದ ಅಂಕಪಟ್ಟಿ ಇದ್ದವರು ಮೌಲ್ಯಮಾಪನದ ಕೆಲಸವನ್ನು ಅದಕ್ಕೂ ತಿಂಗಳುಗಳ ಮುಂಚೆ ಶುರುಮಾಡಿ. ನಮ್ಮ ವಿಶ್ವವಿದ್ಯಾಲಯಗಳಿಂದ ಟ್ರಾನ್ಸ್‌ಕ್ರಿಪ್ಟ್ ಹೊರಡಿಸುವುದಕ್ಕೆ ಎಷ್ಟು ಓಡಾಟ ಬೇಕೆಂದು ಓಡಾಡಿದವರಿಗೆ ಗೊತ್ತು.

7. ಮೊದಲ ಸೆಮಿಸ್ಟರಿನ ಎರಡು ಕಷ್ಟ

ಒಂದು, ಅನಾಟಮಿ. ಕತ್ತಿನ ಸಿ5ರಿಂದ ಎದೆಯ ಟಿ1ರವರೆಗಿನ ನರಬೇರುಗಳು ಕೂಡಿ, ಕವಲೊಡೆದು, ಮತ್ತೆ ಕೂಡಿ ತೋಳಿಗಿಳಿಯುವ ಬ್ರೇಕಿಯಲ್ ಪ್ಲೆಕ್ಸಸ್ ಅನ್ನು ಓದಿ ನೆನಪಿಡಲಾಗದು. ದಿನಾ ಖಾಲಿ ಹಾಳೆಯ ಮೇಲೆ ಬಿಡಿಸಿ. ಬಿಡಿಸುವಾಗ ಪ್ರತಿ ನರಕ್ಕೂ ಒಂದು ಕೆಲಸ ಜೋಡಿಸಿ. ರೇಡಿಯಲ್ ನರಕ್ಕೆ ಪೆಟ್ಟಾದರೆ ಮಣಿಕಟ್ಟು ಜೋತುಬೀಳುತ್ತದೆ. ಜೋತುಬಿದ್ದ ಕೈ ಲೋಟ ಹಿಡಿಯುವುದು ಹೇಗೆ?

ಎರಡನೆಯದು ಸುಲಭವೆಂದು ಕಾಣುತ್ತದೆ, ಹೆಚ್ಚು ಮಂದಿ ಎಡವುವುದು ಅಲ್ಲೇ: ಆಕ್ಟಿವಿಟಿ ಅನಾಲಿಸಿಸ್, ಅಂದರೆ ಒಂದು ಕೆಲಸವನ್ನು ಹಂತ ಹಂತವಾಗಿ ಬಿಡಿಸಿ ನೋಡುವುದು. ನಾನು ಕನ್ನಡದ ಮಕ್ಕಳಿಗೆ ಫಿಲ್ಟರ್ ಕಾಫಿ ಕೊಡುತ್ತೇನೆ. ಬಿಸಿ ಫಿಲ್ಟರಿನ ಮೇಲಿನ ಬಟ್ಟಲು ಕೆಳಗಿನದರಲ್ಲಿ ಕಚ್ಚಿಕೊಂಡಿದೆ. ಬಿಡಿಸಲು ಎರಡೂ ಕೈಯ ಹಿಡಿತ ಬೇಕು, ಮುಂಗೈ ತಿರುಗಬೇಕು, ಬಿಸಿ ಎಷ್ಟೆಂದು ಚರ್ಮ ಹೇಳಬೇಕು. ಸಂಧಿವಾತದ ಬೆರಳಿಗೆ ಇದೇ ದೊಡ್ಡ ಅಡ್ಡಿ. ಪುಡಿ ಮೊದಲು, ಕುದಿವ ನೀರು ಆಮೇಲೆ ಎಂಬ ಕ್ರಮ ತಲೆಯಲ್ಲಿರಬೇಕು. ಡಿಕಾಕ್ಷನ್ ಇಳಿಯುವ ತನಕ ಬೇರೆ ಕೆಲಸ ಮಾಡುತ್ತ, ಹಾಲು ಉಕ್ಕುವ ಮುನ್ನ ಒಲೆಯ ಬಳಿ ಮರಳಬೇಕು. ಮಿದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆದ ಕೆಲವರ ಗಮನಕ್ಕೆ ಎಡಬದಿಯೇ ಬರುವುದಿಲ್ಲ, ಎಡಗಡೆಯ ಒಲೆ ಉರಿಯುತ್ತಲೇ ಇರುತ್ತದೆ. ಇನ್ನು, ಈ ಕಾಫಿ ಯಾರಿಗೆ? ಐವತ್ತು ವರ್ಷ ಗಂಡನಿಗೆ ಮೊದಲ ಲೋಟ ಕೊಟ್ಟವರಿಗೆ ಮೆಷಿನ್ ತಂದಿಟ್ಟರೆ ಸಾಕೇ ಎಂಬುದೂ ಅನಾಲಿಸಿಸ್‌ನ ಒಳಗೇ ಬರುತ್ತದೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಬಲ್ಲವರಿಗೆ ಮುಂದಿನ ಓದು ಹಿಡಿತಕ್ಕೆ ಸಿಗುತ್ತದೆ.

8. ಫೀಲ್ಡ್‌ವರ್ಕ್‌ನಲ್ಲಿ ಕೇಳಿ

ಹಿರಿಯರಿಗೆ ಎದುರಾಡಬಾರದು ಎಂದು ಬೆಳೆದ ನಮ್ಮ ಮಕ್ಕಳು ಸೂಪರ್‌ವೈಸರ್ ಹೇಳಿದ್ದಕ್ಕೆ ತಲೆಯಾಡಿಸಿ ಸುಮ್ಮನಿರುತ್ತಾರೆ. ಇಲ್ಲಿ ಆ ಮೌನ ಆಸಕ್ತಿಯಿಲ್ಲದ ಲಕ್ಷಣವಾಗಿ ಮೌಲ್ಯಮಾಪನದಲ್ಲಿ ಬರುತ್ತದೆ. ‘ಇದನ್ನು ಯಾಕೆ ಹೀಗೆ ಮಾಡಿದಿರಿ?’ ಎಂದು ಕೇಳುವುದು ಇಲ್ಲಿ ಮರ್ಯಾದೆಯ ಮಾತೇ.

ರೋಗಿಯನ್ನೂ ಕೇಳಿ. ಮಗನ ಮನೆಗೆಂದು ಹಾಸನದ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ಬಿದ್ದು, ಸೊಂಟದ ಕೀಲು ಬದಲಿಸಿಕೊಂಡು ನಮ್ಮಲ್ಲಿದ್ದರು. ಸೊಂಟ 90 ಡಿಗ್ರಿಗಿಂತ ಹೆಚ್ಚು ಬಗ್ಗಬಾರದು, ಕಾಲಮೇಲೆ ಕಾಲು ಹಾಕಬಾರದು. ನಮ್ಮ ವಿದ್ಯಾರ್ಥಿನಿ ಕಾಲುಚೀಲ ಹಾಕುವ ಸಾಧನ ಹಿಡಿದು ಹೋದಳು. ಅಜ್ಜಿ ಕಾಲುಚೀಲ ಹಾಕುವವರೇ ಅಲ್ಲ. ಆಗ ಅವಳು ಸಾಧನ ಬದಿಗಿಟ್ಟು, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಿ ಅಜ್ಜಿ?’ ಎಂದು ಅವನ ಮೂಲಕ ಕೇಳಿದಳು. ಸ್ನಾನ, ಸೀರೆ, ದೇವರಿಗೆ ದೀಪ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರದೆ ಪೂಜೆ ಹೇಗೆ ಎಂಬುದೇ ಅವರ ಚಿಂತೆ.

ಮುಂದಿನ ವಾರವೆಲ್ಲ ಇದೇ ಕೆಲಸ. ಲಂಗವನ್ನು ತಲೆಯ ಮೇಲಿಂದ ಹಾಕಿಕೊಂಡರೆ ಬಗ್ಗಬೇಕಿಲ್ಲ. ನೆರಿಗೆ ಹಿಡಿಯಲು ಎರಡೂ ಕೈ ವಾಕರ್ ಬಿಡುತ್ತವೆ, ಹಾಗಾಗಿ ಎತ್ತರದ ಮಂಚದ ಅಂಚಿನಲ್ಲಿ ಕೂತೇ ನೆರಿಗೆ ಮಾಡಿ, ಕಾಲ ಹಿಂಬದಿ ಮಂಚಕ್ಕೆ ತಾಗಿಸಿ ನಿಂತು ಸಿಕ್ಕಿಸಬೇಕು. ಅಂಚು ಪಾದಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ವಾಕರ್ ಜೊತೆ ಎಡವುವುದು ಖಂಡಿತ. ದೇವರ ಪಟಗಳನ್ನು ಮಗ ಮೇಜಿನ ಮೇಲಕ್ಕೆ ಏರಿಸಿದ, ಮುಂದೆ ಕೈಯಿರುವ ಕುರ್ಚಿ ಹಾಕಿದ. ಆ ವಿದ್ಯಾರ್ಥಿನಿಗೆ ಕನ್ನಡ ಬರುತ್ತಿರಲಿಲ್ಲ, ಸೀರೆ ಉಟ್ಟೂ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಂಡಳು.

9. ಪರೀಕ್ಷೆ ಮುಂದೂಡಬೇಡಿ

ಫೀಲ್ಡ್‌ವರ್ಕ್ ಮುಗಿದ ಎರಡು ಮೂರು ತಿಂಗಳೊಳಗೆ, ರೋಗಿಗಳ ನೆನಪು ಹಸಿಯಾಗಿರುವಾಗಲೇ ಎನ್‌ಬಿಸಿಒಟಿ ಪರೀಕ್ಷೆಗೆ ಕೂರಿ. ಪಾಸಾಗಲು 450 ಬೇಕು. ಆಮೇಲೆ ನೀವು ಕೆಲಸ ಮಾಡುವ ರಾಜ್ಯದ ಲೈಸೆನ್ಸಿಗೆ ಬೇರೆಯೇ ಅರ್ಜಿ, ಬೇರೆಯೇ ಫೀಸು. ಅದು ಕೈಗೆ ಬರುವ ತನಕ ಕೆಲಸಕ್ಕೆ ಸೇರುವ ದಿನವನ್ನು ಯಾರಿಗೂ ಗಟ್ಟಿ ಹೇಳಬೇಡಿ.