ಹೇಳಿ ಬರೆಯಿಸುವ ನಕ್ಷೆ

ವೈದ್ಯಕೀಯ ಅಂಕಿಅಂಶಗಳನ್ನು ನಕ್ಷೆಯಾಗಿ ಬರೆಯುವುದು ಹಿಂದೆ ಗ್ರಾಫ್ ಕಾಗದ, ಅಡಿಕೋಲು, ಪೆನ್ಸಿಲುಗಳ ಕೆಲಸವಾಗಿತ್ತು. ಈಗ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ನಾಲ್ಕು ಮಾತು ಹೇಳಿದರೆ ಸಾಕು. ಪೈಥಾನ್ ಅಥವಾ ಆರ್ ಭಾಷೆಯಲ್ಲಿ ತಾನೇ ಪ್ರೋಗ್ರಾಂ ಬರೆದು ನಕ್ಷೆಯನ್ನು ಮುಂದಿಡುತ್ತದೆ. ಕೈಯ ಶ್ರಮ ಉಳಿಯಿತು, ನಿಜ. ತಲೆಯ ಶ್ರಮವೂ ಉಳಿಯಿತೆ? ಒಂದು ಹಳೆಯ ಉದಾಹರಣೆಯನ್ನು ತೆಗೆದುಕೊಂಡು ಇದನ್ನು ಪರೀಕ್ಷಿಸಿ ನೋಡಿದೆನು. ಅದರ ಫಲವನ್ನು ಸಹಪಾಠಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

೧೯೦೫ರಲ್ಲಿ ಕುಶ್ನಿ ಮತ್ತು ಪೀಬಲ್ಸ್ ಎಂಬುವರು ನಿದ್ರೆ ತರಿಸುವ ಔಷಧಿಗಳ ವಿಷಯವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅಮೆರಿಕದ ಮಿಷಿಗನ್ ಸಂಸ್ಥಾನದ ಒಂದು ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ ಔಷಧಿ ಕೊಟ್ಟು, ಯಾರಿಗೆ ಎಷ್ಟು ಗಂಟೆ ನಿದ್ರೆ ಹೆಚ್ಚಿತೆಂದು ಲೆಕ್ಕವಿಟ್ಟಿದ್ದರು. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ವಿಲಿಯಂ ಗಾಸೆಟ್ ಅವರು ೧೯೦೮ರಲ್ಲಿ ‘ಸ್ಟೂಡೆಂಟ್’, ಎಂದರೆ ವಿದ್ಯಾರ್ಥಿ, ಎಂಬ ಗುಪ್ತನಾಮದಿಂದ ಬರೆದ ಲೇಖನದಲ್ಲಿ ಇವರಲ್ಲಿ ಹತ್ತು ರೋಗಿಗಳ ಅಂಕಿಗಳನ್ನು ಬಳಸಿಕೊಂಡರು. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನಾವು ಓದುವ ‘ಟಿ’ ಪರೀಕ್ಷೆಯ ಮೂಲ ಆ ಲೇಖನವೇ.

ಮೊದಲು ಎರಡು ಸಾಲು ಅಂಕಿಗಳನ್ನು ಯಂತ್ರಕ್ಕೆ ಕೊಟ್ಟು, “ಈ ಎರಡು ಔಷಧಿಗಳನ್ನು ಹೋಲಿಸುವ ನಕ್ಷೆ ಬರೆ” ಎಂದಷ್ಟೇ ಹೇಳಿದೆನು. ಎರಡು ಸ್ತಂಭಗಳು ಬಂದವು: ಒಂದರ ಎತ್ತರ ೦.೭೫ ಗಂಟೆ, ಇನ್ನೊಂದರದು ೨.೩೩ ಗಂಟೆ. ಸರಾಸರಿಗಳು ಸರಿಯಾಗಿದ್ದವು, ಬಣ್ಣವೂ ಅಂದವಾಗಿತ್ತು. ಆದರೆ ಹತ್ತು ರೋಗಿಗಳು ಎಲ್ಲಿ ಹೋದರು? ಮೊದಲ ಔಷಧಿಯಿಂದ ನಾಲ್ವರ ನಿದ್ರೆ ಹೆಚ್ಚುವುದಿರಲಿ, ಕಡಿಮೆಯೇ ಆಗಿತ್ತು. ಸ್ತಂಭದೊಳಗೆ ಅದು ಮುಚ್ಚಿಹೋಯಿತು. ಅಲ್ಲದೆ ಎರಡು ಔಷಧಿಗಳನ್ನೂ ಸೇವಿಸಿದವರು ಅದೇ ಹತ್ತು ಮಂದಿ. ನಕ್ಷೆಯನ್ನು ನೋಡಿದವರಿಗೆ ಬೇರೆ ಬೇರೆ ಎರಡು ಗುಂಪುಗಳೆಂದು ತೋರುತ್ತದೆ.

ಎರಡನೆಯ ಸಲ ಹೀಗೆ ಹೇಳಿದೆನು: “ಇವು ಹತ್ತೇ ರೋಗಿಗಳ ಅಂಕಿಗಳು. ಪ್ರತಿಯೊಬ್ಬರೂ ಎರಡು ಔಷಧಿಗಳನ್ನೂ ಸೇವಿಸಿದ್ದಾರೆ. ಸ್ತಂಭ ಬೇಡ. ಒಬ್ಬೊಬ್ಬರಿಗೆ ಎರಡು ಚುಕ್ಕೆಗಳನ್ನಿಟ್ಟು ಗೆರೆಯಿಂದ ಸೇರಿಸು. ಲಂಬಾಕ್ಷದಲ್ಲಿ ‘ಹೆಚ್ಚಿದ ನಿದ್ರೆ, ಗಂಟೆಗಳಲ್ಲಿ’ ಎಂದು ಬರೆ. ಸೊನ್ನೆಯ ಮಟ್ಟದಲ್ಲಿ ಒಂದು ಅಡ್ಡಗೆರೆಯನ್ನು ಎಳೆ.”

ಈಗ ಬಂದ ನಕ್ಷೆ ಬೇರೆಯೇ ಆಗಿತ್ತು. ಒಂಬತ್ತು ಗೆರೆಗಳು ಮೇಲಕ್ಕೆ ಏರಿದ್ದವು. ಒಂದು ಮಾತ್ರ ಮಟ್ಟಸವಾಗಿತ್ತು. ಒಂಬತ್ತನೆಯ ರೋಗಿಯ ಗೆರೆ ಸೊನ್ನೆಯಿಂದ ೪.೬ರವರೆಗೆ ಕಡಿದಾಗಿ ಏರಿತ್ತು. ಎರಡು ಔಷಧಿಗಳ ನಡುವಣ ಸರಾಸರಿ ವ್ಯತ್ಯಾಸ ೧.೫೮ ಗಂಟೆ, ಈ ಒಬ್ಬ ರೋಗಿಯನ್ನು ಬಿಟ್ಟರೆ ಅದು ೧.೨೪ಕ್ಕೆ ಇಳಿಯುತ್ತದೆ. ಎರಡನೆಯ ಔಷಧಿಯೇ ಮೇಲೆಂಬುದು ಉಳಿಯಿತು. ಎಷ್ಟು ಮೇಲೆಂಬುದು ಬದಲಾಯಿತು. ಔಷಧಿ ಬರೆದುಕೊಡುವ ವೈದ್ಯನಿಗೆ ಬೇಕಾದದ್ದು ಈ ತಿಳಿವಳಿಕೆ. ಅಂಕಿಗಳು ಎರಡು ಸಲವೂ ಅವೇ, ಯಂತ್ರವೂ ಅದೇ. ಬದಲಾದದ್ದು ಹೇಳಿದ ಮಾತು.

ಇನ್ನೊಂದು ಸಂಗತಿಯುಂಟು. ಗಾಸೆಟ್ಟರ ಕೋಷ್ಟಕದಲ್ಲಿ ಔಷಧಿಗಳ ಹೆಸರುಗಳೇ ತಪ್ಪಾಗಿದ್ದವು. ಎರಡನೆಯದು ಹಯೋಸೀನ್ ಆಗಿದ್ದರೂ ಅಲ್ಲಿ ಎರಡನ್ನೂ ಹಯೋಸಯಮೀನ್ ಎಂದೇ ಕರೆದಿತ್ತು. ಆರ್. ಎ. ಫಿಶರ್ ಅವರ ೧೯೨೫ರ ಪ್ರಸಿದ್ಧ ಪುಸ್ತಕಕ್ಕೂ ಆ ತಪ್ಪು ಹಾಗೆಯೇ ಸಾಗಿತು. ನಾವು ಕೊಟ್ಟ ಹೆಸರನ್ನು ಯಂತ್ರವು ಅಂದವಾದ ಅಕ್ಷರಗಳಲ್ಲಿ ಮುದ್ರಿಸುತ್ತದೆ. ಹೆಸರು ಸರಿಯೆ ಎಂದು ಮೂಲ ಪ್ರಬಂಧವನ್ನು ತೆರೆದು ನೋಡುವ ಹೊಣೆ ನಮ್ಮದು.

ಆದ್ದರಿಂದ ಯಂತ್ರಕ್ಕೆ ಹೇಳುವ ಮೊದಲು ಈ ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳುವುದು ಒಳ್ಳೆಯದು. ಅಳೆದದ್ದು ಯಾರನ್ನು, ಎಷ್ಟು ಮಂದಿಯನ್ನು? ಅದೇ ಜನರನ್ನು ಎರಡು ಸಲ ಅಳೆದರೋ, ಬೇರೆ ಬೇರೆ ಜನರನ್ನೋ? ಅಳತೆಯ ಮಾನ ಯಾವುದು? ಯಾವ ಪ್ರಶ್ನೆಗೆ ನಕ್ಷೆ ಉತ್ತರ ಕೊಡಬೇಕು? ನಕ್ಷೆ ಬಂದಮೇಲೆ ಪ್ರೋಗ್ರಾಮನ್ನೂ ಕೇಳಿ ಪಡೆದು, ಚುಕ್ಕೆಗಳನ್ನು ಕೋಷ್ಟಕದೊಡನೆ ಒಂದೊಂದಾಗಿ ತಾಳೆ ನೋಡಬೇಕು. ನಿಜವಾದ ರೋಗಿಗಳ ಹೆಸರು, ವಿಳಾಸಗಳನ್ನು ಮಾತ್ರ ಯಂತ್ರಕ್ಕೆ ಎಂದಿಗೂ ಕೊಡಕೂಡದು.

ಈ ಅಂಕಿಗಳು ಆರ್ ಭಾಷೆಯೊಡನೆಯೇ ‘ಸ್ಲೀಪ್’ ಎಂಬ ಹೆಸರಿನಲ್ಲಿ ಉಚಿತವಾಗಿ ದೊರೆಯುತ್ತವೆ. ಆಸಕ್ತಿಯುಳ್ಳ ಮಿತ್ರರು ಅವನ್ನು ಮೊದಲು ಗ್ರಾಫ್ ಕಾಗದದ ಮೇಲೆ ಕೈಯಿಂದ ಬರೆದು, ಆಮೇಲೆ ಯಂತ್ರದಿಂದ ಬರೆಯಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಕೋರುತ್ತೇನೆ.