ಅಡಿಕೆಯ ಅಂಗಳದಲ್ಲಿ ವಾಣಿಜ್ಯದ ಪಾಠ



ಬಂಡವಾಳ, ವೆಚ್ಚ, ಲಾಭ, ಮಾರುಕಟ್ಟೆ ಎಂಬ ಶಬ್ದಗಳನ್ನು ನೀವು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುವುದುಂಟು. ಆದರೆ ಅವುಗಳ ಅರ್ಥವು ನಮ್ಮ ಕಾಸರಗೋಡು ಸೀಮೆಯ ಮನೆಯಂಗಳಗಳಲ್ಲಿ ಅಡಿಕೆಯೊಡನೆಯೇ ಹರಡಿಕೊಂಡಿದೆಯೆಂಬುದನ್ನು ಗಮನಿಸುವವರು ವಿರಳ. ಆದಕಾರಣ ಅಡಿಕೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಶಾಸ್ತ್ರದ ಕೆಲವು ಮೂಲತತ್ತ್ವಗಳನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ಪೋಷಕ ಮಹಾಶಯರೂ ಇದನ್ನು ಓದಬೇಕೆಂದು ನನ್ನ ವಿನಂತಿ.

ಬಂಡವಾಳ: ಭೂಮಿ, ಮರ, ಬಾವಿ, ಪಂಪು ಇವು ಸ್ಥಿರ ಬಂಡವಾಳ. ಗೊಬ್ಬರ, ಕೊಯ್ಲು ಮತ್ತು ಸುಲಿಯುವ ಕೂಲಿ, ಕೊಳೆರೋಗ ಬಾರದಂತೆ ಮಳೆಗಾಲಕ್ಕೆ ಮುನ್ನ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತು ಮತ್ತು ಸುಣ್ಣ ಇವುಗಳಿಗೆ ತಗಲುವ ಹಣವು ದುಡಿಯುವ ಬಂಡವಾಳ. ಆದಾಯ ಬರುವುದು ವರ್ಷದಲ್ಲಿ ಕೆಲವೇ ಸಲ. ವೆಚ್ಚವಾದರೋ ದಿನದಿನವೂ ಇದೆ. ತೋಟವಿದ್ದೂ ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕಕ್ಕೆ ಕೈಯಲ್ಲಿ ಕಾಸಿಲ್ಲದಿರುವುದು ಬಡತನದಿಂದಲೇ ಅಲ್ಲ. ಅನೇಕ ವೇಳೆ ದುಡಿಯುವ ಬಂಡವಾಳದ ಕೊರತೆಯಿಂದ.

ಕಾಯುವಿಕೆಯ ಬೆಲೆ: ನನ್ನ ತೀರ್ಥರೂಪರು ಧಾರಣೆ ಏರುವವರೆಗೆ ಅಡಿಕೆಯನ್ನು ಅಟ್ಟದಲ್ಲಿಟ್ಟು ಕಾಯುತ್ತಿದ್ದರು, ಮನೆಖರ್ಚಿಗೆ ಬಡ್ಡಿಯ ಸಾಲ ತರುತ್ತಿದ್ದರು. ಏರಿದ ಧಾರಣೆಯನ್ನು ಊರಿಗೆಲ್ಲ ಹೇಳುತ್ತಿದ್ದರೇ ಹೊರತು ಬಡ್ಡಿಯನ್ನು ಕೂಡಿಸಿ ನೋಡಿದವರಲ್ಲ. ಕಡೆಗೆ ತೋಟದ ಒಂದು ಭಾಗವನ್ನೇ ಮಾರಬೇಕಾಯಿತು. ಆಗ ನಾನು ಹೈಸ್ಕೂಲಿನ ಬಾಲಕ. ಆ ದಿನ ಮಾಡದೆ ಉಳಿದ ಲೆಕ್ಕವನ್ನು ಇಂದು ನಿಮ್ಮ ಮುಂದೆ ಮಾಡುತ್ತೇನೆ.

ಸುಲಭಕ್ಕಾಗಿ ಹೀಗೆ ಕಲ್ಪಿಸಿಕೊಳ್ಳಿರಿ. ಒಬ್ಬ ಬೆಳೆಗಾರನಲ್ಲಿ 1,000 ಕಿಲೋ ಅಡಿಕೆಯಿದೆ; ಧಾರಣೆ ಕಿಲೋಗೆ 300 ರೂಪಾಯಿ. ಇಂದೇ ಮಾರಿದರೆ 3,00,000 ರೂಪಾಯಿ ದೊರೆತು, ಅಷ್ಟೇ ಮೊತ್ತದ ಸಾಲವು ತೀರುತ್ತದೆ. ಸಾಲಕ್ಕೆ ವರ್ಷಕ್ಕೆ ಶೇಕಡಾ 12 ಬಡ್ಡಿ. ನಾಲ್ಕು ತಿಂಗಳು ಕಾದರೆ ಬಡ್ಡಿ 12,000 ರೂಪಾಯಿ. ಅಡಿಕೆ ಒಣಗಿ 20 ಕಿಲೋ ತೂಕ ಇಳಿಯಿತೆನ್ನೋಣ. ಉಳಿದ 980 ಕಿಲೋಗಳಿಂದ 3,12,000 ರೂಪಾಯಿ ಬರಬೇಕು. ಎಂದರೆ ಧಾರಣೆ 318 ರೂಪಾಯಿ 37 ಪೈಸೆ ಮುಟ್ಟಿದಾಗ ಮಾತ್ರ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದೇ ಸಮಸ್ಥಿತಿಯ ಬಿಂದು. 310ಕ್ಕೆ ಮಾರಿ ಹತ್ತು ರೂಪಾಯಿ ಹೆಚ್ಚು ಬಂತೆಂದು ಹಿಗ್ಗುವವನು ವಾಸ್ತವವಾಗಿ 8,200 ರೂಪಾಯಿ ಕಳೆದುಕೊಂಡಿರುತ್ತಾನೆ. 325ಕ್ಕೆ ಮಾರಿದವನಿಗೆ 6,500 ರೂಪಾಯಿ ಲಾಭ. ಸಾಲವಿಲ್ಲದವನೂ ಆ ಹಣವು ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಕಾಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹಳತಾದ ಅಡಿಕೆಗೆ ಹೆಚ್ಚು ಬೆಲೆ ಸಿಗುವುದುಂಟು. ಲೆಕ್ಕವಿಲ್ಲದೆ ಕಾಯುವುದು ತಪ್ಪು.

ಮಾರುಕಟ್ಟೆ: ಕೈಲಿದ್ದುದನ್ನು ಕೊಟ್ಟು ಹಣ ಪಡೆಯುವುದು ಮಾರಾಟ. ಕೊಳ್ಳುವವನಿಗೆ ಏನು ಬೇಕೆಂದು ಅರಿತು, ಸರಕನ್ನು ಅದಕ್ಕೆ ತಕ್ಕಂತೆ ಸಿದ್ಧಗೊಳಿಸಿ, ತಕ್ಕ ಬೆಲೆಗೆ, ತಕ್ಕ ಸ್ಥಳಕ್ಕೆ ಮುಟ್ಟಿಸುವುದು ಮಾರುಕಟ್ಟೆ ವ್ಯವಸ್ಥೆ. ಒಳ್ಳೆಯ ಅಡಿಕೆಯಿಂದ ಪಟೋರ, ಉಳ್ಳಿಗಡ್ಡೆ, ಕೋಕ, ಕರಿಗೋಟುಗಳನ್ನು ಆರಿಸಿ ಬೇರ್ಪಡಿಸುವ ನಿಮ್ಮ ತಾಯಂದಿರು ಈ ಶಾಸ್ತ್ರವನ್ನೇ ಆಚರಿಸುತ್ತಿದ್ದಾರೆ.

ಒಬ್ಬಂಟಿಗನಾದ ಮಾರಾಟಗಾರನು ದುರ್ಬಲ. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ಇಂದಿನ ಕರ್ನಾಟಕ ಹಾಗೂ ಕೇರಳಗಳ ಬೆಳೆಗಾರರು ಒಂದಾಗಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿದರು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕಾಧ್ಯಕ್ಷರು. ಮುಂದೆ ಕೊಕ್ಕೊ ಬೆಳೆಗಾರರಿಗೂ ಸಂಕಟ ಬಂದಾಗ ಸಂಸ್ಥೆಯು ಕೊಕ್ಕೊವನ್ನೂ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಬೀಜವು ಚಾಕೊಲೇಟ್ ಆದಾಗ ಅದರ ಬೆಲೆ ಹೆಚ್ಚುವುದನ್ನು ಮೌಲ್ಯವರ್ಧನೆ ಎನ್ನುತ್ತೇವೆ. ರಾಜ್ಯಗಳ ಗಡಿ ನಕಾಶೆಯಲ್ಲಿದೆ. ಬೆಳೆಗಾರರ ಕಷ್ಟಕ್ಕೂ ಸಹಕಾರಕ್ಕೂ ಆ ಗಡಿಯಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಅಭ್ಯಾಸ: ನಿಮ್ಮ ಮನೆಯಲ್ಲಿ ಮುಂದಿನ ಸಲ ಅಡಿಕೆ ಮಾರುವ ಮುನ್ನ ತೂಕ, ಧಾರಣೆ, ಸಾಲ, ಬಡ್ಡಿ ಈ ನಾಲ್ಕನ್ನೂ ಒಂದು ಪುಸ್ತಕದಲ್ಲಿ ಬರೆದು, ಸಮಸ್ಥಿತಿಯ ಬಿಂದುವನ್ನು ಕಂಡುಹಿಡಿದು, ತಂದೆತಾಯಿಗಳಿಗೆ ವಿನಯದಿಂದ ತೋರಿಸಿರಿ. ಈ ಪಾಠಕ್ಕೆ ಅಂಕಗಳಿಲ್ಲ. ಆದರೆ ಇದರಿಂದ ಒಂದು ಮನೆಯ ತೋಟ ಉಳಿದರೆ ನನ್ನ ಶ್ರಮ ಸಾರ್ಥಕ.